ಹಾಸನದಿಂದ ಜರ್ಮನಿಗೆ ಹೊರಟವರ ಅಡಿಗೆಮನೆ

ಹಾಸನದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯ ಹುಡುಗನೊಬ್ಬ ಮುಂದಿನ ತಿಂಗಳು ಓದಲು ಮ್ಯೂನಿಕ್‌ಗೆ ಹೊರಟಿದ್ದಾನೆ. ನಾನು ಅಲ್ಲಿಂದ ರಜೆಗೆ ಬಂದಿದ್ದೇನೆ ಅಂತ ಗೊತ್ತಾಗಿ ಅವನ ಅಮ್ಮ ನಿನ್ನೆ ಸಂಜೆ ಬಂದಿದ್ದರು. ಕೈಯಲ್ಲಿ ಉದ್ದನೆಯ ಪಟ್ಟಿ. ಪುಳಿಯೋಗರೆ ಗೊಜ್ಜು, ಮೂರು ಥರದ ಚಟ್ನಿಪುಡಿ, ಹುರಿಹಿಟ್ಟು, ಕೋಡುಬಳೆ, ನಿಪ್ಪಟ್ಟು, ಉಪ್ಪಿಟ್ಟಿನ ಪ್ಯಾಕೆಟ್ಟು, ಎರಡು ಕಿಲೋ ತುಪ್ಪ, ಅರಸೀಕೆರೆಯಿಂದ ತರಿಸಿದ ಕೊಬ್ಬರಿ. "ಇಷ್ಟು ಸಾಕಾಗುತ್ತೇನಮ್ಮ?" ಅಂತ ಕೇಳಿದರು. ಒಂದೂವರೆ ತಿಂಗಳಿಗೆ ಧಾರಾಳವಾಗಿ ಸಾಕು. ಆಮೇಲೆ?

ಆ ಆಮೇಲಿನ ದಿನಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮ್ಯೂನಿಕ್‌ಗೆ ಹೋಗಿ ಹದಿನಾಲ್ಕು ವರ್ಷವಾಯಿತು. ಮೊದಲ ಚಳಿಗಾಲದಲ್ಲಿ ಊರಿನ ಪ್ಯಾಕೆಟ್ಟುಗಳು ಮುಗಿದ ಮೇಲೆ ಬ್ರೆಡ್ಡು, ಜಾಮಿನಲ್ಲೇ ದಿನ ತಳ್ಳಿದೆ. ಮೈಯೂ ಸೊರಗಿತು, ಮನಸ್ಸೂ ಸೊರಗಿತು. ಒಂದು ಶನಿವಾರ ಮನೆ ಹತ್ತಿರದ ವಾರದ ಸಂತೆಗೆ ಸುಮ್ನೆ ಹೋಗಿದ್ದೆ. ಅಲ್ಲೊಬ್ಬ ರೈತಜ್ಜಿಯ ಮೇಜಿನ ಮೇಲೆ ಕಂತೆಕಂತೆ ಸಬ್ಬಸಿಗೆ ಸೊಪ್ಪು! ಅಲ್ಲಿನವರು ಅದನ್ನು ಡಿಲ್ ಅಂತಾರೆ, ಮೀನಿಗೆ, ಸೌತೆಕಾಯಿಗೆ ಹಾಕುತ್ತಾರೆ. ಅವತ್ತು ರಾತ್ರಿ ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿ ತಟ್ಟಿ ತಿಂದೆ. ಆ ಮನೆ ನನ್ನ ಮನೆ ಅನ್ನಿಸಿದ್ದು ಅವತ್ತೇ.

ನಮ್ಮ ಕಡೆಯ ಅಡಿಗೆ ಅಂದರೇನು, ಯೋಚನೆ ಮಾಡಿ. ಹಿತ್ತಲಲ್ಲಿ ಏನಿದೆ, ಸಂತೆಯಲ್ಲಿ ಇವತ್ತು ಏನು ಸಿಕ್ಕಿತು, ಅದೇ ಅಲ್ವಾ? ಬಸ್ಸಾರಿಗೆ ಇಂಥದ್ದೇ ಸೊಪ್ಪು ಬೇಕು ಅಂತ ನಮ್ಮ ಅಜ್ಜಿ ಯಾವತ್ತೂ ಹೇಳಲಿಲ್ಲ. ದಂಟು, ಕೀರೆ, ಹೊನಗೊನೆ, ಮಳೆ ಬಿದ್ದ ಮೇಲೆ ಬೇಲಿಯಲ್ಲಿ ಎದ್ದಿದ್ದು, ಎಲ್ಲವೂ ನಡೆಯುತ್ತಿತ್ತು. ಸೊಪ್ಪು ಬದಲಾಗುತ್ತೆ, ಮಾಡುವ ಕ್ರಮ ಬದಲಾಗಲ್ಲ. ಹಾಗಾಗಿ ಕ್ರಮ ಕಲಿತು ಹೋಗಿ, ಸೊಪ್ಪು ಅಲ್ಲೇ ಸಿಗುತ್ತೆ.

ಮೊದಲು ಪಟ್ಟಿಯಿಂದ ತೆಗೆಯಬೇಕಾದ್ದನ್ನು ಹೇಳಿಬಿಡುತ್ತೇನೆ. ತುಪ್ಪ ಬೇಡ. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವ ಹಾಗಿಲ್ಲ. ನನ್ನ ಅಮ್ಮ ಕಾಸಿಕೊಟ್ಟ ತುಪ್ಪವನ್ನು ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟುಕೊಂಡಾಗ ಅಳುವೇ ಬಂದಿತ್ತು. ಕೊಬ್ಬರಿ ಗಿಟುಕೂ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ಬೇಗ ಬೆಂಕಿ ಹತ್ತುತ್ತೆ ಅಂತ ವಿಮಾನದಲ್ಲಿ ಬಿಡುವುದಿಲ್ಲ. ಹಸಿ ಕರಿಬೇವನ್ನು ಗಿಡಗಳ ಆರೋಗ್ಯದ ಸರ್ಟಿಫಿಕೇಟ್ ಇಲ್ಲದೆ ಒಯ್ಯುವಂತಿಲ್ಲ. ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿಕೊಳ್ಳಿ.

ಒಯ್ಯಬೇಕಾದ್ದು ಕಡಿಮೆ. ಮನೆಯಲ್ಲೇ ಹುರಿದು ಪುಡಿ ಮಾಡಿಸಿದ ಸಾರಿನಪುಡಿ ಒಂದು ಕಿಲೋ. ಬ್ಯಾಡಗಿ ಮೆಣಸಿನಕಾಯಿ. ಸಕಲೇಶಪುರ, ಮೂಡಿಗೆರೆ ಕಡೆ ನೆಂಟರಿದ್ದರೆ ತೋಟದ ಕಾಳುಮೆಣಸು, ಏಲಕ್ಕಿ. ಕಾಫಿಪುಡಿ, ಜೊತೆಗೆ ಸ್ಟೀಲಿನ ಫಿಲ್ಟರ್. ಒಂದು ಚಿಕ್ಕ ಮಿಕ್ಸಿ. ಜರ್ಮನಿಯಲ್ಲೂ ನಮ್ಮ ಹಾಗೇ 230 ವೋಲ್ಟ್, 50 ಹರ್ಟ್ಸ್ ಕರೆಂಟ್. ಪ್ಲಗ್ಗಿಗೆ ಅಡಾಪ್ಟರ್ ಇದ್ದರೆ ಮಿಕ್ಸಿ ಆರಾಮಾಗಿ ಓಡುತ್ತೆ. ಕುಕ್ಕರ್, ಕಾವಲಿ ತೆಗೆದುಕೊಳ್ಳುವಾಗ ಮಾತ್ರ ಇಂಡಕ್ಷನ್ ತಳ ಇದೆಯಾ ನೋಡಿ. ಬರೀ ಅಲ್ಯೂಮಿನಿಯಂ ತಳದ್ದು ಇಂಡಕ್ಷನ್ ಒಲೆ ಮೇಲೆ ಬಿಸಿಯಾಗುವುದೇ ಇಲ್ಲ. ಅಕ್ಕಿ, ಬೇಳೆ, ರಾಗಿಹಿಟ್ಟು, ಹುಣಸೆಹಣ್ಣು, ತುರಿದು ಫ್ರೀಜ್ ಮಾಡಿದ ತೆಂಗಿನಕಾಯಿ ಎಲ್ಲವೂ ದೊಡ್ಡ ಊರುಗಳ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ.

ತುಪ್ಪಕ್ಕೆ ಹೀಗೆ ಮಾಡಿ. ಅಲ್ಲಿ ಬೆಣ್ಣೆ 250 ಗ್ರಾಂ ಕಟ್ಟಿನಲ್ಲಿ ಬರುತ್ತೆ. ಅದರಲ್ಲಿ ಝೌವರ್‌ರಾಮ್‌ಬುಟ್ಟರ್ ಅಂತ ಬರೆದಿರುವುದನ್ನು ಹುಡುಕಿ. ಅದು ಹುಳಿ ಬಂದ ಕೆನೆಯಿಂದ ತೆಗೆದ ಬೆಣ್ಣೆ. ಸಣ್ಣ ಉರಿಯಲ್ಲಿ ಕಾಸಿ. ನೊರೆ ಇಳಿದು, ತಳದಲ್ಲಿ ಗಸಿ ಕಂದಾಗಿ, ಸದ್ದು ನಿಂತಾಗ ಇಳಿಸಿ. ಕೊನೆಗೆ ನಾಲ್ಕು ಕಾಳು ಮೆಂತ್ಯ ಹಾಕಿ. ಮೊಸರು ಕಡೆದ ಬೆಣ್ಣೆಯ ತುಪ್ಪಕ್ಕೆ ತುಂಬಾ ಹತ್ತಿರದ ಘಮ ಬರುತ್ತೆ.

ಈಗ ತರಕಾರಿ. ಜರ್ಮನಿ ನವಿಲುಕೋಸಿನ ದೇಶ. ಕೋಲ್‌ರಾಬಿ ಅಂತಾರೆ, ಬೇಸಿಗೆಯಲ್ಲಿ ಎಲೆ ಸಮೇತ ಮಾರುತ್ತಾರೆ. ಎಷ್ಟೋ ಜನ ಎಲೆ ಮುರಿದು ಅಂಗಡಿಯಲ್ಲೇ ಬಿಟ್ಟು ಹೋಗುತ್ತಾರೆ. ನೀವು ಬಿಡಬೇಡಿ, ಎಳೆ ಎಲೆ ಬಸ್ಸಾರಿಗೆ ಚೆನ್ನ. ಮೂಲಂಗಿ ಬವೇರಿಯಾದಲ್ಲಿ, ಅಂದರೆ ಮ್ಯೂನಿಕ್ ಇರುವ ರಾಜ್ಯದಲ್ಲಿ, ಬೇಕಾದಷ್ಟು, ಅದರ ಸೊಪ್ಪೂ ಹಾಗೇ. ಮಾಂಗೋಲ್ಡ್ ಅಂತ ಅಗಲ ಎಲೆಯ ಸೊಪ್ಪೊಂದು ಸಿಗುತ್ತೆ, ಬೀಟ್‌ರೂಟಿನ ಕುಲದ್ದು, ಅದರ ದಂಟನ್ನೂ ಹಾಕಬಹುದು. ಪಾಲಕ್ ಒಂದನ್ನೇ ಹಾಕಿದರೆ ಲೊಳೆಲೊಳೆಯಾಗುತ್ತೆ, ಬೇರೆ ಸೊಪ್ಪಿನ ಜೊತೆ ಬೆರೆಸಿ. ಸೆಪ್ಟೆಂಬರ್, ಅಕ್ಟೋಬರ್‌ಗೆ ಹೋಗುವವರಿಗೆ ಕುಂಬಳದ ಕಾಲ. ಹೊಕ್ಕಾಯ್ಡೋ ಅನ್ನುವ ಕೆಂಪು ಕುಂಬಳದ ಸಿಪ್ಪೆ ತೆಗೆಯುವ ಕೆಲಸವೇ ಇಲ್ಲ.

ಆಲೂಗಡ್ಡೆ ಬೆಳೆಯುವ ಜಿಲ್ಲೆಯವರು ನಾವು, ಆದರೂ ಅಲ್ಲಿನ ಅಂಗಡಿಯಲ್ಲಿ ಕಣ್ಣು ಬಿಡುತ್ತೇವೆ. ಚೀಲದ ಮೇಲೆ ಫೆಸ್ಟ್‌ಕೋಖೆಂಡ್ ಅಂತಿದ್ದರೆ ಬೆಂದರೂ ಗಟ್ಟಿಯಾಗಿ ನಿಲ್ಲುವ ಗಡ್ಡೆ, ಹುಳಿಗೆ, ಸಾಗುಗೆ. ಮೇಲಿಖ್‌ಕೋಖೆಂಡ್ ಅಂತಿದ್ದರೆ ಹಿಟ್ಟಾಗುವ ಗಡ್ಡೆ, ದೋಸೆ ಪಲ್ಯಕ್ಕೆ, ಬೋಂಡಕ್ಕೆ.

ಅವರೆಕಾಯಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಸೊಗಡಿನ ಅವರೆ ಅಲ್ಲಿ ಸಿಗಲ್ಲ. ಆದರೆ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಪಾಪಡಿ ಲಿಲ್ವಾ ಅಂತ ಗುಜರಾತಿ ಹೆಸರಿನ ಪ್ಯಾಕೆಟ್ ನೋಡಿ. ಅದು ನಮ್ಮ ಅವರೆಕಾಳೇ! ಎರಡು ವರ್ಷ ನಾನು ಅದರ ಮುಂದೆಯೇ ಓಡಾಡಿದ್ದೆ. ಬಿಸಿನೀರಿಗೆ ಹಾಕಿ ಹಿತಕಿದರೆ ಹಿತಕಿದಬೇಳೆ ಸಾರೂ ಆಗುತ್ತೆ.

ಇನ್ನು ಬಸ್ಸಾರು. ಇದೊಂದು ಬಂದರೆ ಸಾರೂ ಆಯಿತು, ಪಲ್ಯವೂ ಆಯಿತು, ಒಂದು ಪಾತ್ರೆಯಲ್ಲಿ ಇಬ್ಬರ ಎರಡು ಹೊತ್ತಿನ ಊಟ. ಅರ್ಧ ಲೋಟ ತೊಗರಿಬೇಳೆಯನ್ನು ನಾಲ್ಕು ಲೋಟ ನೀರಲ್ಲಿ ತೆರೆದ ಪಾತ್ರೆಯಲ್ಲೇ ಬೇಯಿಸಿ. ಮ್ಯೂನಿಕ್ ನೀರು ಗಡುಸು, ಬೇಳೆ ಬೇಗ ಬೇಯಲ್ಲ. ಒಂದೆರಡು ಗಂಟೆ ಮೊದಲೇ ನೆನೆಹಾಕಿ. ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಕರಗಬಾರದು. ಆಗ ಹೆಚ್ಚಿದ ಸೊಪ್ಪು ಒಂದು ದೊಡ್ಡ ಬಟ್ಟಲು, ಉಪ್ಪು ಹಾಕಿ, ಐದು ನಿಮಿಷ ಬಿಟ್ಟು ಬಸಿಯಿರಿ. ಕೆಳಗೆ ಇಳಿದ ಕಟ್ಟು ಸಾರಿಗೆ, ಮೇಲೆ ಉಳಿದದ್ದು ಪಲ್ಯಕ್ಕೆ. ಚೂರು ಎಣ್ಣೆಯಲ್ಲಿ ಅರ್ಧ ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ ಬಾಡಿಸಿ. ಎರಡು ಚಮಚ ಕಾಯಿತುರಿ, ಅರ್ಧ ಚಮಚ ಜೀರಿಗೆ, ಎಂಟು ಹತ್ತು ಕಾಳುಮೆಣಸು, ಒಂದೂವರೆ ಚಮಚ ಸಾರಿನಪುಡಿ, ಚಿಕ್ಕ ನೆಲ್ಲಿಕಾಯಿಯಷ್ಟು ಹುಣಸೆ ಸೇರಿಸಿ ರುಬ್ಬಿ. ರುಬ್ಬುವಾಗ ಬೆಂದ ಸೊಪ್ಪು ಬೇಳೆಯನ್ನೂ ಒಂದು ಸೌಟು ಹಾಕುವುದನ್ನು ಮರೆಯಬೇಡಿ, ಸಾರಿಗೆ ಮೈ ಬರುವುದು ಅದರಿಂದ. ಕಟ್ಟಿಗೆ ಬೆರೆಸಿ ಚೆನ್ನಾಗಿ ಕುದಿಸಿ, ಸಾಸಿವೆ ಒಗ್ಗರಣೆ ಕೊಡಿ. ಪಲ್ಯಕ್ಕೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ಕಾಯಿತುರಿ. ಮಾರನೆಯ ದಿನ ಸಾರು ಇನ್ನೂ ರುಚಿ.

ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಕುದಿಯುವ ನೀರಿಗೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕಲಕದೆ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ತಿರುವುವಾಗ ಪಾತ್ರೆಯನ್ನು ಒಲೆ ಮೇಲಿಂದ ಇಳಿಸಿ. ಅಲ್ಲಿನ ಒಲೆ ಗಾಜಿನದ್ದು, ಬಲ ಹಾಕಿದರೆ ಒಡೆದೀತು. ಮರದ ಸೌಟಿನ ಹಿಡಿಯೇ ಮುದ್ದೆಕೋಲು. ಆ ಒಲೆಯ ಇನ್ನೊಂದು ಗುಣ ಅಂದರೆ ಆರಿಸಿದ ಮೇಲೂ ಬಿಸಿ ಇರುತ್ತೆ. ಸಾಸಿವೆ ಸಿಡಿದ ತಕ್ಷಣ ಒಗ್ಗರಣೆ ಸೌಟನ್ನು ಪಕ್ಕಕ್ಕೆ ಎತ್ತಿಡದಿದ್ದರೆ ಬೆಳ್ಳುಳ್ಳಿ ಕರಿಯಾಗುತ್ತೆ.

ಅಕ್ಕಿರೊಟ್ಟಿಗೆ ಬಾಳೆಎಲೆ ಹುಡುಕಬೇಡಿ. ಬೇಕಿಂಗ್ ಪೇಪರ್ ಎಲ್ಲ ಅಂಗಡಿಯಲ್ಲೂ ಇದೆ. ಎರಡು ಲೋಟ ಅಕ್ಕಿಹಿಟ್ಟು, ಸಬ್ಬಸಿಗೆ, ಈರುಳ್ಳಿ, ಹಸಿಮೆಣಸಿನಕಾಯಿ, ಎರಡು ಚಮಚ ಕಾಯಿತುರಿ, ಉಪ್ಪು. ಬಿಸಿನೀರಲ್ಲಿ ಕಲಸಿ, ಪೇಪರಿಗೆ ಎಣ್ಣೆ ಸವರಿ ತಟ್ಟಿ, ಕಾವಲಿ ಮೇಲೆ ಕವುಚಿ, ಅರೆ ನಿಮಿಷ ಬಿಟ್ಟು ಪೇಪರ್ ಎಳೆದುಬಿಡಿ. ಹಿಂದಿನ ದಿನದ ಅನ್ನ ಉಳಿದಿದ್ದರೆ ಒಂದು ಹಿಡಿ ಹಿಸುಕಿ ಸೇರಿಸಿ, ರೊಟ್ಟಿ ಮೆತ್ತಗಿರುತ್ತೆ.

ಮಲೆನಾಡಿನವರಿಗೆ ಕಡುಬು ಇಲ್ಲದೆ ಆಗಲ್ಲ. ಸೋನಾಮಸೂರಿಯನ್ನು ತೊಳೆದು ಆರಿಸಿ, ಮಿಕ್ಸಿಯಲ್ಲಿ ತರಿಯಾಗಿ ಒಡೆದುಕೊಳ್ಳಿ. ಒಂದು ಲೋಟ ತರಿಗೆ ಎರಡೂವರೆ ಲೋಟ ನೀರು, ಉಪ್ಪು. ಉಪ್ಪಿಟ್ಟಿನ ಹಾಗೆ ಗಟ್ಟಿಯಾಗುವವರೆಗೆ ಕೆದಕಿ, ಕೈ ತಡೆಯುವಷ್ಟು ಬಿಸಿ ಇರುವಾಗಲೇ ಉಂಡೆ ಕಟ್ಟಿ, ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಕಾಯಿಚಟ್ನಿಗಾದರೂ ಸರಿ, ಕೋಳಿಸಾರಿಗಾದರೂ ಸರಿ.

ಅಲ್ಲಿನ ನಾಲ್ಕು ಪದ್ಧತಿಗಳು ಗೊತ್ತಿರಲಿ. ಭಾನುವಾರ ಅಂಗಡಿ ಮುಚ್ಚಿರುತ್ತೆ, ಬವೇರಿಯಾದಲ್ಲಿ ಉಳಿದ ದಿನ ರಾತ್ರಿ ಎಂಟಕ್ಕೆ ಬಾಗಿಲು. ಶನಿವಾರವೇ ತರಕಾರಿ ತಂದಿಡಿ. ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಬೇಡಿ, ಪಕ್ಕದ ಮನೆಯವರಿಗೆ ತೊಂದರೆ. ಪ್ರತಿ ಮನೆಯಲ್ಲೂ ಹೊಗೆಗೆ ಕೂಗುವ ಅಲಾರಂ ಇರುತ್ತೆ. ಮೆಣಸಿನಕಾಯಿ ಹುರಿಯುವಾಗ ಎಷ್ಟೇ ಚಳಿ ಇರಲಿ, ಕಿಟಕಿ ತೆಗೆದಿಡಿ, ಅಡಿಗೆಮನೆ ಬಾಗಿಲು ಹಾಕಿ. ಒಂದೇ ಅಡಿಗೆಮನೆ ಹಂಚಿಕೊಳ್ಳುವ ಹುಡುಗರಿದ್ದರೆ ಅವರಿಗೂ ಒಂದು ರೊಟ್ಟಿ ಕೊಡಿ. ನನ್ನ ಮೊದಲ ಜರ್ಮನ್ ಗೆಳತಿ ಸಿಕ್ಕಿದ್ದು ಹಾಗೆಯೇ.

ಹೊರಡುವ ಮುಂಚೆ ಅಮ್ಮನ ಪಕ್ಕ ನಿಂತು ನೋಡಿದರೆ ಸಾಲದು, ಅಮ್ಮನನ್ನು ಕೂರಿಸಿ ನೀವೇ ನಾಲ್ಕು ಸಲ ಮಾಡಿ. ಹಿಂದಿನ ಬೀದಿಯ ಹುಡುಗ ನಾಳೆ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಾನೆ. ದಂಟಿನ ಸೊಪ್ಪು ಬಿಡಿಸಿಟ್ಟಿದ್ದೇನೆ, ಬೇಳೆ ನೆನೆಹಾಕುವುದು ಅವನ ಕೆಲಸ.