ವೇದಿಕೆಗೆ ಮಾತ್ರ ಸಾಲದು, ಅಪ್ರೈಸಲ್‌ಗೂ ಇಂಟರ್‌ಪ್ರಿಟರ್ ಬೇಕು: ನನ್ನ ಅನುಭವ

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನನಗೆ ಎಚ್‌ಆರ್ ಕೆಲಸ. ನಮ್ಮ ಇನ್‌ಸ್ಪೆಕ್ಷನ್, ಪ್ಯಾಕಿಂಗ್ ಮತ್ತು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ವಿಭಾಗಗಳಲ್ಲಿ ಕಿವುಡ ನೌಕರರಿದ್ದಾರೆ. ಅವರಿಗಾಗಿ ಸನ್ನೆ ಭಾಷೆಯ ಇಂಟರ್‌ಪ್ರಿಟರ್‌ಗಳನ್ನು, ಅಂದರೆ ಮಾತನ್ನು ಸನ್ನೆಗೂ ಸನ್ನೆಯನ್ನು ಮಾತಿಗೂ ತಿರುಗಿಸುವವರನ್ನು, ಕರೆಸುವ ಏರ್ಪಾಡು ಮಾಡಿಕೊಂಡು ಕೆಲವು ವರ್ಷಗಳಾದವು. ಈಗ ಬೇರೆ ಕಂಪನಿಗಳ ಎಚ್‌ಆರ್‌ನವರು ಫೋನ್ ಮಾಡುತ್ತಾರೆ. ಎಲ್ಲಿ ಸಿಗುತ್ತಾರೆ, ದುಡ್ಡು ಎಷ್ಟಾಗುತ್ತದೆ, ಯಾವಾಗ ಕರೆಸಬೇಕು ಅಂತ ಕೇಳುತ್ತಾರೆ. ನನಗೆ ಹೇಳೋಕೆ ಜಾಸ್ತಿ ಇರುವುದು ಆ ಮೂರನೆಯ ಪ್ರಶ್ನೆಯ ಬಗ್ಗೆ.

ಎಷ್ಟೋ ಕಡೆ ಇಂಟರ್‌ಪ್ರಿಟರ್ ಕಾಣಿಸುವುದು ವೇದಿಕೆ ಮೇಲೆ ಮಾತ್ರ. ವಾರ್ಷಿಕೋತ್ಸವಕ್ಕೆ ಬರುತ್ತಾರೆ, ಸೆಪ್ಟೆಂಬರ್ 23ರ ಸನ್ನೆ ಭಾಷೆಗಳ ದಿನಕ್ಕೆ ಬರುತ್ತಾರೆ. ಆದರೆ ಸಂಬಳದಲ್ಲಿ ಯಾಕೆ ಕಡಿತವಾಯಿತು, ಇಂಕ್ರಿಮೆಂಟ್ ಯಾಕೆ ಕಮ್ಮಿ ಬಂತು, ನಿನ್ನ ಮೇಲೆ ಬಂದಿರುವ ದೂರು ಏನು ಅನ್ನುವ ಮಾತು ಬಂದಾಗ ಒಂದು ಚೀಟಿ, ಒಂದು ಪೆನ್ನು ಮುಂದಿಟ್ಟು ಮುಗಿಸುತ್ತಾರೆ. ಇದು ತೀರಾ ತಲೆಕೆಳಗಾದ ಕ್ರಮ ಅಂತ ನನ್ನ ಗಟ್ಟಿ ಅಭಿಪ್ರಾಯ. ಒಬ್ಬ ಮನುಷ್ಯನ ಅನ್ನ, ಜೀವ, ಮರ್ಯಾದೆಗೆ ಸಂಬಂಧಿಸಿದ ಮಾತಿಗೆ ಮೊದಲು ಇಂಟರ್‌ಪ್ರಿಟರ್ ಬೇಕು. ವಾರ್ಷಿಕೋತ್ಸವ ಆಮೇಲೆ.

ಬರೆದು ತೋರಿಸಿದರೆ ಆಯ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಹುಟ್ಟಿನಿಂದ ಕಿವಿ ಕೇಳದ ಎಷ್ಟೋ ಜನರಿಗೆ ಕನ್ನಡವೂ ಇಂಗ್ಲಿಷೂ ಕಿವಿಯಿಂದ ಬಂದ ಭಾಷೆಗಳಲ್ಲ. ಶಾಲೆಯಲ್ಲಿ ಕಷ್ಟಪಟ್ಟು ಅಕ್ಷರ ಕಲಿತಿರುತ್ತಾರೆ. ಭಾರತೀಯ ಸನ್ನೆ ಭಾಷೆಗೆ ಅದರದ್ದೇ ವ್ಯಾಕರಣ ಇದೆ. ಅದರಲ್ಲಿ ಪ್ರಶ್ನೆಯ ಸನ್ನೆ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಹುಬ್ಬು, ಕಣ್ಣು, ತಲೆಯ ಅಲುಗಾಟವೆಲ್ಲ ಅರ್ಥದ ಭಾಗವೇ. ಆ ಭಾಷೆಯಲ್ಲಿ ಯೋಚಿಸುವ ಮನುಷ್ಯನ ಮುಂದೆ ಪಿಎಫ್ ನಾಮಿನೇಷನ್ ಬಗ್ಗೆ ನಾಲ್ಕು ಸಾಲಿನ ಕನ್ನಡ ಹಿಡಿದರೆ, ಮರ್ಯಾದೆಗೆ ತಲೆಯಾಡಿಸಿ ಸಹಿ ಹಾಕುತ್ತಾನೆ. ತುಟಿ ನೋಡಿ ಅರ್ಥ ಮಾಡಿಕೊಳ್ಳಲಿ ಅನ್ನುವುದೂ ಅಷ್ಟೇ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ‘ಮಾಲು’ ಅಂದರೂ ‘ಪಾಲು’ ಅಂದರೂ ನೋಡುವವರಿಗೆ ಒಂದೇ. ಮಾಸ್ಕ್ ಹಾಕಿಕೊಂಡ ಸೂಪರ್‌ವೈಸರ್ ಆದರೆ ಅದೂ ಇಲ್ಲ.

ಇಂಟರ್‌ಪ್ರಿಟರ್ ಬಂದ ಮೇಲೆ ನಾನು ಮೊದಲು ಇಟ್ಟುಕೊಂಡಿದ್ದು ಪೇ ಸ್ಲಿಪ್ ಬಗ್ಗೆ ಒಂದು ಸಭೆ. ಒಂದೊಂದೇ ಸಾಲು ಪರದೆ ಮೇಲೆ ತೋರಿಸಿ ವಿವರಿಸುತ್ತಾ ಹೋದೆ. ಇಎಸ್‌ಐ ಸಾಲಿಗೆ ಬಂದಾಗ ಇನ್‌ಸ್ಪೆಕ್ಷನ್‌ನ ಒಬ್ಬ ಹುಡುಗ ಕೈ ಎತ್ತಿದ. ಈ ದುಡ್ಡು ಪ್ರತಿ ತಿಂಗಳು ಯಾಕೆ ಹಿಡಿಯುತ್ತೀರಿ, ನಾನು ಏನು ತಪ್ಪು ಮಾಡಿದ್ದೇನೆ ಅಂತ ಕೇಳಿದ. ಅದು ದಂಡ ಅಂತ ಅವನು ವರ್ಷಗಟ್ಟಲೆ ಅಂದುಕೊಂಡಿದ್ದ. ಸಂಬಳದ ಶೇಕಡಾ 0.75 ನಿನ್ನಿಂದ, ಶೇಕಡಾ 3.25 ಕಂಪನಿಯಿಂದ ಹೋಗುತ್ತದೆ ಅಂತ ಹೇಳಿದೆ. ಅದರ ಬದಲಿಗೆ ನಿನಗೂ ನಿನ್ನನ್ನೇ ನಂಬಿರುವ ತಾಯಿಗೂ ಚಿಕಿತ್ಸೆ ಸಿಗುತ್ತದೆ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೂ ಹೋಗಬಹುದು ಅಂದೆ. ಇಂಟರ್‌ಪ್ರಿಟರ್ ಕೈ ನಿಲ್ಲಿಸುವ ಮೊದಲೇ ಅವನ ಪ್ರಶ್ನೆ ಬಂತು: ಅಮ್ಮನ ಮಂಡಿ ನೋವಿಗೂ ಆಗುತ್ತಾ? ಪಕ್ಕದವನು ಕೇಳಿದ, ನನ್ನ ಸಂಬಳ 21,000 ದಾಟಿದರೆ ಕಾರ್ಡ್ ಹೋಗುತ್ತಾ? ಅಂಗವಿಕಲರಿಗೆ ಆ ಮಿತಿ 25,000 ಅನ್ನುವುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅರ್ಧ ಗಂಟೆಗೆ ಅಂತ ಇಟ್ಟುಕೊಂಡಿದ್ದ ಸಭೆ ಊಟದ ಬೆಲ್‌ವರೆಗೂ ನಡೆಯಿತು. ಅಷ್ಟು ಪ್ರಶ್ನೆಗಳು ಇಷ್ಟು ದಿನ ಎಲ್ಲಿದ್ದವು ಅಂತ ಯೋಚಿಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಹುಡುಕುವ ವಿಷಯ. ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇದೆ, 2015ರಲ್ಲಿ ಶುರುವಾಗಿದ್ದು. ಅಲ್ಲಿ ಇಂಟರ್‌ಪ್ರಿಟರ್‌ಗಳಿಗೆ ಎರಡು ವರ್ಷದ ಡಿಪ್ಲೊಮಾ ಇದೆ. ಬೇರೆ ಕೆಲವು ಸಂಸ್ಥೆಗಳೂ ಅದನ್ನು ನಡೆಸುತ್ತವೆ. ಆ ಓದು ಮುಗಿಸಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರೇ ಅಂತ ಮೊದಲು ನೋಡುತ್ತೇನೆ. ಕಿವುಡ ಅಪ್ಪ ಅಮ್ಮನಿಗೆ ಹುಟ್ಟಿ, ಸನ್ನೆಯನ್ನೇ ಮನೆಮಾತಾಗಿ ಬೆಳೆದವರೂ ಸಿಗುತ್ತಾರೆ. ಅವರ ಕೈಯಲ್ಲಿ ಭಾಷೆ ನೀರಿನಂತೆ ಹರಿಯುತ್ತದೆ. ಆದರೆ ಸರ್ಟಿಫಿಕೇಟ್ ನೋಡಿ ನಾನೊಬ್ಬಳೇ ತೀರ್ಮಾನ ಮಾಡುವುದಿಲ್ಲ. ನಮ್ಮ ಕಿವುಡ ನೌಕರರಲ್ಲಿ ಇಬ್ಬರು ಮೂವರು ಬಂದವರ ಜೊತೆ ಕೂತು ಸ್ವಲ್ಪ ಹೊತ್ತು ಮಾತಾಡುತ್ತಾರೆ. ಊರು, ಮನೆ, ಕ್ರಿಕೆಟ್ ಏನಾದರೂ ಆಗಲಿ. ಆಮೇಲೆ ಅವರು ಹೆಬ್ಬೆರಳು ಎತ್ತಿದರೆ ಮಾತ್ರ ಮುಂದಿನ ಮಾತು. ಸನ್ನೆಗಳು ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತವೆ. ಅರ್ಥವಾಯಿತೋ ಇಲ್ಲವೋ ಅಂತ ಹೇಳಬೇಕಾದವರು ಅವರೇ ಅಲ್ವಾ?

ಇನ್ನೊಂದು ವಿಷಯವನ್ನು ಬೆಂಗಳೂರಿನವರು ಮರೆಯಬಾರದು. ಇಂಟರ್‌ಪ್ರಿಟರ್‌ಗೆ ಕನ್ನಡ ಬರಬೇಕು. ಇಂಗ್ಲಿಷ್, ಹಿಂದಿಯಿಂದ ಸನ್ನೆಗೆ ಸೊಗಸಾಗಿ ಮಾಡುವವರು ಸಿಗುತ್ತಾರೆ, ಕಾನ್ಫರೆನ್ಸ್‌ಗೆ ಅವರು ಸರಿ. ನಮ್ಮ ಶಾಪ್ ಫ್ಲೋರ್‌ನಲ್ಲಿ ಸೂಪರ್‌ವೈಸರ್ ‘ಈ ಲಾಟ್ ಫುಲ್ ರೀವರ್ಕ್‌ಗೆ ತಳ್ಳಿ, ಸಂಜೆ ಒಳಗೆ ಡಿಸ್ಪ್ಯಾಚ್ ಆಗ್ಬೇಕು’ ಅಂತ ಒಂದೇ ಉಸಿರಲ್ಲಿ ಹೇಳುತ್ತಾರೆ. ಅದು ಥಟ್ಟನೆ ಕಿವಿಗೆ ಬಿದ್ದು ಕೈಗೆ ಬರಬೇಕು.

ಸನ್ನೆ ಗೊತ್ತಿರುವ ಸಹೋದ್ಯೋಗಿ ಇದ್ದಾನಲ್ಲ, ಅವನೇ ಮಾಡಲಿ ಅನ್ನುವ ಸಲಹೆ ಎಲ್ಲ ಕಡೆ ಬರುತ್ತದೆ. ದಿನದ ಸಣ್ಣಪುಟ್ಟ ಮಾತಿಗೆ ಪರವಾಗಿಲ್ಲ. ಅಪ್ರೈಸಲ್‌ಗೆ (ವರ್ಷದ ಕೆಲಸದ ಮೌಲ್ಯಮಾಪನಕ್ಕೆ), ಕಾಯಿಲೆಯ ರಜೆಗೆ, ದೂರಿಗೆ ಖಂಡಿತ ಬೇಡ. ಒಬ್ಬನ ಸಂಬಳ ಎಷ್ಟು ಅಂತ ಇನ್ನೊಬ್ಬನಿಗೆ ಯಾಕೆ ಗೊತ್ತಾಗಬೇಕು? ಲೈಂಗಿಕ ಕಿರುಕುಳದ ದೂರು ಹೇಳಬೇಕಾದ ಹೆಣ್ಣುಮಗಳು, ನಾಳೆ ಪಕ್ಕದಲ್ಲೇ ಕೆಲಸ ಮಾಡುವವನ ಮೂಲಕ ಅದನ್ನು ಹೇಗೆ ಹೇಳುತ್ತಾಳೆ? ಹೊರಗಿನ ಇಂಟರ್‌ಪ್ರಿಟರ್‌ಗೆ ಗುಟ್ಟು ಕಾಯುವುದು ವೃತ್ತಿಯ ನಿಯಮ. ನಾವೂ ಕರಾರಿನಲ್ಲಿ ಅದನ್ನು ಬರೆಸಿಕೊಳ್ಳುತ್ತೇವೆ.

ಖರ್ಚಿನ ಮಾತಿಗೆ ಬರುತ್ತೇನೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪ್ರತಿ ಸಂಸ್ಥೆಗೂ ಸಮಾನ ಅವಕಾಶದ ನೀತಿ ಇರಬೇಕು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಖಾಸಗಿ ಕಂಪನಿ ಅಂಗವಿಕಲ ನೌಕರರಿಗೆ ಏನೇನು ಸೌಲಭ್ಯ ಕೊಡುತ್ತದೆ ಅಂತ ಅದರಲ್ಲಿ ಬರೆಯಬೇಕು, ಒಬ್ಬ ಸಂಪರ್ಕ ಅಧಿಕಾರಿಯನ್ನೂ ನೇಮಿಸಬೇಕು. ನಮ್ಮ ನೀತಿಯಲ್ಲಿ ಇಂಟರ್‌ಪ್ರಿಟರ್ ಅನ್ನುವ ಪದವನ್ನೇ ಬರೆಸಿದೆ. ‘ಅಗತ್ಯ ಸೌಲಭ್ಯ’ ಅಂತ ಸುಮ್ನೆ ಬರೆದು ಬಿಟ್ಟರೆ ಬಜೆಟ್ ಸಮಯದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ದುಡ್ಡು ಯಾವ ಲೆಕ್ಕದಿಂದ ಹೋಗಬೇಕು ಅನ್ನುವುದು ಮುಖ್ಯ. ಇದನ್ನು ವಿಭಾಗದ ಬಜೆಟ್‌ಗೆ ಹಾಕಬೇಡಿ. ಹಾಕಿದರೆ ಮ್ಯಾನೇಜರ್‌ಗೆ ಪ್ರತಿ ಮೀಟಿಂಗ್‌ನಲ್ಲೂ ಕಿವುಡ ನೌಕರ ಅಂದರೆ ಖರ್ಚು ಅನ್ನಿಸತೊಡಗುತ್ತದೆ. ಮುಂದಿನ ಸಲ ಕಿವುಡ ಅಭ್ಯರ್ಥಿ ಸಂದರ್ಶನಕ್ಕೆ ಬಂದಾಗ ಅದು ಅವರ ಮನಸ್ಸಿನಲ್ಲಿ ಕೂತಿರುತ್ತದೆ. ನಮ್ಮಲ್ಲಿ ಇದು ಇಡೀ ಕಂಪನಿಯ ಸಾಮಾನ್ಯ ಖರ್ಚು. ಕರೆಂಟ್ ಬಿಲ್ ಪಕ್ಕದಲ್ಲೇ ಇದೆ. ಸಿಎಸ್‌ಆರ್ ಹಣದಿಂದ, ಅಂದರೆ ಸಮಾಜಸೇವೆಗೆ ಕಂಪನಿ ತೆಗೆದಿಡುವ ದುಡ್ಡಿನಿಂದ ಕೊಡೋಣ ಅಂತಲೂ ಒಬ್ಬರು ಅಂದಿದ್ದರು. ಬೇಡವೇ ಬೇಡ ಅಂದೆ. ನಮ್ಮ ನೌಕರನ ಜೊತೆ ನಾವು ಮಾತಾಡುವುದು ದಾನ ಹೇಗಾಗುತ್ತದೆ?

ಆಡಳಿತದವರನ್ನು ಒಪ್ಪಿಸಲು ಕಾನೂನಿಗಿಂತ ಜಾಸ್ತಿ ನೆರವಾಗಿದ್ದು ಒಂದು ಸುದ್ದಿ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಜೊತೆ ಹಾಜರಾದರು. 2024ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್‌ನಲ್ಲೂ ಹಾಗೇ ವಾದ ಮಂಡಿಸಿದರು. ಕಾನೂನಿನ ವಾದವನ್ನೇ ಸನ್ನೆಯಲ್ಲಿ ನಡೆಸಬಹುದಾದರೆ, ತಿರಸ್ಕೃತವಾದ ಮಾಲಿನ ಬಗ್ಗೆ ನಮ್ಮ ರಿಜೆಕ್ಷನ್ ಮೀಟಿಂಗ್ ನಡೆಸೋಕೆ ಆಗಲ್ವಾ ಅಂತ ಕೇಳಿದೆ. ಆಮೇಲೆ ಆ ಫೈಲ್ ನಿಲ್ಲಲಿಲ್ಲ.

ಒಂದು ಗಂಟೆ ಮೀರುವ ಸಭೆಗೆ ಇಬ್ಬರನ್ನು ಕರೆಸುತ್ತೇವೆ. ಯಾಕೆ ಇಬ್ಬರು ಅಂತ ಅಕೌಂಟ್ಸ್‌ನವರು ತಪ್ಪದೆ ಕೇಳುತ್ತಾರೆ. ಕೇಳುತ್ತಲೇ ಇನ್ನೊಂದು ಭಾಷೆಗೆ ತಿರುಗಿಸುವುದು ತಲೆ ಬಿಸಿಯಾಗುವ ಕೆಲಸ. ಇಪ್ಪತ್ತು, ಮೂವತ್ತು ನಿಮಿಷ ಕಳೆದ ಮೇಲೆ ದಣಿವಿಗೆ ಮಾತು ಬಿಟ್ಟುಹೋಗುತ್ತದೆ. ಅದಕ್ಕೇ ಇಬ್ಬರೂ ಸರದಿಯಂತೆ ಬದಲಾಗುತ್ತಾರೆ. ಸುಮ್ಮನೆ ಕೂತಂತೆ ಕಾಣುವವರು ಬಿಟ್ಟುಹೋದ ಸಂಖ್ಯೆ, ಹೆಸರು ಎತ್ತಿಕೊಡುತ್ತಿರುತ್ತಾರೆ. ಸ್ಲೈಡು, ಡ್ರಾಯಿಂಗು, ಪಾರ್ಟ್‌ಗಳ ಹೆಸರು ಎಲ್ಲವನ್ನೂ ಮುಂಚೆಯೇ ಅವರಿಗೆ ಕಳಿಸುತ್ತೇವೆ.

ದೆಹಲಿಯ ಕೇಂದ್ರ ಮಾಡಿರುವ ಸನ್ನೆ ನಿಘಂಟಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪದಗಳಿವೆ. ಆದರೂ ನಮ್ಮ ಇನ್‌ಸ್ಪೆಕ್ಷನ್ ಟೇಬಲ್‌ನ ಮಾತೆಲ್ಲ ಅದರಲ್ಲಿ ಸಿಗುವುದಿಲ್ಲ. ನಮ್ಮ ಹುಡುಗರು ತಾವೇ ಮಾಡಿಕೊಂಡಿದ್ದರು. ಅಂಚಿನಲ್ಲಿ ಬರ್ (ಲೋಹದ ಚೂಪು ಚೂರು) ಉಳಿದಿದೆ ಅನ್ನಲು ಎಡಗೈ ತೋರುಬೆರಳಿನ ಪಕ್ಕಕ್ಕೆ ಬಲಗೈ ಉಗುರನ್ನು ಎಳೆದು, ನಡುವೆ ಟಕ್ ಅಂತ ತಡೆಯುತ್ತಾರೆ, ಮುಖ ಕಿವುಚುತ್ತಾರೆ. ನೋಡಿದ ಕೂಡಲೇ ಅರ್ಥವಾಗುತ್ತದೆ. ಅಂಥ ಸನ್ನೆಗಳನ್ನೆಲ್ಲ ಅವರಿಂದಲೇ ವಿಡಿಯೋ ಮಾಡಿಸಿ ಇಟ್ಟುಕೊಂಡಿದ್ದೇವೆ. ಹೊಸ ಇಂಟರ್‌ಪ್ರಿಟರ್ ಬರುವ ಮೊದಲು ಅದನ್ನು ನೋಡಿಕೊಂಡೇ ಬರುತ್ತಾರೆ.

ಕೊಠಡಿ ಬಗ್ಗೆ ಹೇಳಬೇಕಾದ್ದು ಸ್ವಲ್ಪವೇ. ಇಂಟರ್‌ಪ್ರಿಟರ್ ಮಾತಾಡುವವರ ಪಕ್ಕದಲ್ಲಿ ನಿಲ್ಲಲಿ. ಅವರ ಬೆನ್ನ ಹಿಂದೆ ಕಿಟಕಿ ಇರಬಾರದು, ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಪ್ರೊಜೆಕ್ಟರ್ ಹಾಕಿದ ತಕ್ಷಣ ದೀಪವೆಲ್ಲ ಆರಿಸಬೇಡಿ. ಸ್ಲೈಡ್ ತೋರಿಸಿ ಸ್ವಲ್ಪ ನಿಲ್ಲಿಸಿ, ಯಾಕೆಂದರೆ ಪರದೆಯನ್ನೂ ಕೈಯನ್ನೂ ಒಟ್ಟಿಗೆ ನೋಡೋಕೆ ಯಾರಿಗೂ ಆಗುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಮಾತಾಡಿ. ನಮ್ಮ ಮೀಟಿಂಗ್‌ಗಳಲ್ಲಿ ಎಲ್ಲಕ್ಕಿಂತ ಕಷ್ಟವಾಗಿದ್ದು ಇದೇ.

ಇನ್ನೊಂದು ಅಭ್ಯಾಸ ಬಿಡಿಸಲು ಸಮಯ ಹಿಡಿಯಿತು. ಹಿರಿಯ ಸೂಪರ್‌ವೈಸರ್ ಒಬ್ಬರು ಇಂಟರ್‌ಪ್ರಿಟರ್ ಕಡೆ ತಿರುಗಿ, ‘ಮೇಡಂ, ಅವನಿಗೆ ಹೇಳಿ, ಗೇಜ್ ಸರಿಯಾಗಿ ಹಾಕು ಅಂತ’ ಅಂದರು. ಇಂಟರ್‌ಪ್ರಿಟರ್ ಅದನ್ನು ಇದ್ದ ಹಾಗೇ ಸನ್ನೆ ಮಾಡಿದರು. ಹುಡುಗ ಸೂಪರ್‌ವೈಸರ್ ಮುಖವನ್ನೇ ನೋಡಿ ಉತ್ತರ ಕೊಟ್ಟ. ಇಂಟರ್‌ಪ್ರಿಟರ್ ದನಿ ಕೊಟ್ಟರು: ‘ನನಗೇ ಹೇಳಿ ಸಾರ್, ಇಲ್ಲೇ ಇದ್ದೀನಿ. ಗೇಜ್ ಸವೆದಿದೆ, ಹೋದ ವಾರವೇ ತೋರಿಸಿದ್ದೆ.’ ಅಳತೆ ನೋಡುವ ಆ ಗೇಜ್ ತರಿಸಿ ನೋಡಿದರೆ ನಿಜವಾಗಿಯೂ ಸವೆದಿತ್ತು. ಆ ಸೂಪರ್‌ವೈಸರ್ ಈಗ ಹುಡುಗನ ಕಣ್ಣು ನೋಡಿಯೇ ಮಾತಾಡುತ್ತಾರೆ.

ವಿಚಾರಣೆಗಳಿಗೆ ಬೇರೆಯದೇ ಕ್ರಮ ಇಟ್ಟುಕೊಂಡಿದ್ದೇವೆ. ಶೋಕಾಸ್ (ಕಾರಣ ಕೇಳುವ) ನೋಟಿಸ್ ಕೊಡುವ ದಿನವೇ ಇಂಟರ್‌ಪ್ರಿಟರ್ ಇರಬೇಕು. ದಿನವೂ ಕಂಪನಿಗೆ ಬರುವವರನ್ನು ಬಿಟ್ಟು, ನೌಕರ ಒಪ್ಪುವ ಬೇರೊಬ್ಬರನ್ನು ಕರೆಸುತ್ತೇವೆ. ಅವನ ಒಪ್ಪಿಗೆ ಪಡೆದು ಅವನ ಸನ್ನೆಯನ್ನು ವಿಡಿಯೋ ಮಾಡುತ್ತೇವೆ. ಯಾಕೆಂದರೆ ಕಾಗದದ ಮೇಲೆ ಉಳಿಯುವುದು ಇಂಟರ್‌ಪ್ರಿಟರ್ ಆಡಿದ ಮಾತು, ಅವನದ್ದಲ್ಲ. ನಾಳೆ ತಕರಾರು ಬಂದರೆ ನೋಡೋಕೆ ಅವನ ಮಾತೇ ಇರಬೇಕು.

ಕಿವುಡರೆಲ್ಲರಿಗೂ ಇಂಟರ್‌ಪ್ರಿಟರ್ ಬೇಕಾಗುವುದಿಲ್ಲ. ದೊಡ್ಡವರಾದ ಮೇಲೆ ಕಿವಿ ಹೋದವರಿಗೆ ಸನ್ನೆ ಬರದೇ ಇರಬಹುದು, ಅವರಿಗೆ ಬರಹವೇ ಅನುಕೂಲ. ಅದಕ್ಕೇ ಕೆಲಸಕ್ಕೆ ಸೇರುವ ದಿನವೇ ನಿಮಗೆ ಏನು ಬೇಕು ಅಂತ ಒಬ್ಬೊಬ್ಬರನ್ನೇ ಕೇಳುತ್ತೇವೆ. ಆನ್‌ಲೈನ್ ಮೀಟಿಂಗ್‌ನಲ್ಲಿ ತಾನಾಗಿ ಬರುವ ಕ್ಯಾಪ್ಷನ್ ಅನ್ನು ನಂಬಿ ಕೂರಬೇಡಿ. ನಾವು ಆಡುವ ಕನ್ನಡ, ಇಂಗ್ಲಿಷ್, ಹಿಂದಿ ಕಲಸಿದ ಮಾತಿಗೆ ಅದು ಏನೇನೋ ಬರೆಯುತ್ತದೆ. ಹತ್ತು ನಿಮಿಷದ ಮಾತಿಗೆ ಟ್ಯಾಬ್‌ನಲ್ಲಿ ವಿಡಿಯೋ ಕಾಲ್ ಮೂಲಕ ಇಂಟರ್‌ಪ್ರಿಟರ್ ಸಿಗುತ್ತಾರೆ, ಅದು ಒಳ್ಳೆಯ ದಾರಿ. ಟ್ಯಾಬ್ ಅನ್ನು ಕೈಯಲ್ಲಿ ಹಿಡಿಸಬೇಡಿ, ಸ್ಟ್ಯಾಂಡ್‌ಗೆ ಹಾಕಿ. ಕೈ ಖಾಲಿ ಇದ್ದರೆ ತಾನೇ ಅವರು ಮಾತಾಡೋದು? ಬೆಂಕಿ ಅವಘಡದ ಹೊತ್ತಿಗೆ ಯಾವ ಇಂಟರ್‌ಪ್ರಿಟರೂ ಇರುವುದಿಲ್ಲ. ಅದಕ್ಕೆ ಮಿನುಗುವ ಅಲಾರಂ ದೀಪ ಬೇಕು, ಶೌಚಾಲಯದ ಒಳಗೂ.

ಶನಿವಾರ ಶಿಫ್ಟ್ ಮುಗಿಯುವ ಮೊದಲು ಪ್ಯಾಕಿಂಗ್‌ನ ನಮ್ಮ ಕಿವುಡ ಸಹೋದ್ಯೋಗಿ ಸೂಪರ್‌ವೈಸರ್‌ಗಳಿಗೆ ಸನ್ನೆ ಪಾಠ ಮಾಡುತ್ತಾರೆ. ಆ ಸಮಯಕ್ಕೂ ಅವರಿಗೆ ಸಂಬಳ ಇದೆ. ನಮಸ್ಕಾರ, ಊಟ ಆಯ್ತಾ, ಮಷಿನ್ ನಿಲ್ಲಿಸು ಅನ್ನುವಷ್ಟು ಎಲ್ಲರಿಗೂ ಬಂದಿದೆ. ಇದರಿಂದ ಲೈನ್‌ನಲ್ಲಿ ನಗು ಮಾತು ಜಾಸ್ತಿಯಾಗಿದೆ. ಆದರೆ ಇದನ್ನೇ ತೋರಿಸಿ ಇನ್ನು ಇಂಟರ್‌ಪ್ರಿಟರ್ ಯಾಕೆ ಅಂದರೆ ನಾನು ಒಪ್ಪುವುದಿಲ್ಲ.

ರಾತ್ರಿ ಪಾಳಿಗೆ ಇನ್ನೂ ಪೂರ್ತಿ ವ್ಯವಸ್ಥೆ ಆಗಿಲ್ಲ. ಆ ಹೊತ್ತಿನಲ್ಲಿ ವಿಡಿಯೋ ಕಾಲ್‌ಗೆ ಸಿಗುವವರು ಕಮ್ಮಿ. ಸದ್ಯಕ್ಕೆ ಪಾಳಿ ಶುರುವಾಗುವ ಮುಂಚಿನ ಸೂಚನೆಗಳನ್ನು ಸಂಜೆಯೇ ಸನ್ನೆಯಲ್ಲಿ ವಿಡಿಯೋ ಮಾಡಿಸಿ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಮುಂದಿನ ವರ್ಷದ ಬಜೆಟ್‌ನಲ್ಲಿ ಪೂರ್ಣಕಾಲದ ಒಂದು ಇಂಟರ್‌ಪ್ರಿಟರ್ ಹುದ್ದೆ ಕೇಳಿದ್ದೇನೆ. ಆ ಅರ್ಜಿಯ ಜೊತೆಗೆ ಕಿವುಡ ನೌಕರರೇ ತಮಗೆ ಯಾವ ಯಾವ ಮಾತಿಗೆ ಇಂಟರ್‌ಪ್ರಿಟರ್ ಬೇಕು ಅಂತ ಮಾಡಿಕೊಟ್ಟ ಪಟ್ಟಿ ಇಟ್ಟಿದ್ದೇನೆ. ಅದರಲ್ಲಿ ಮೊದಲನೆಯದು ಅಪ್ರೈಸಲ್. ಎರಡನೆಯದು ಕ್ಯಾಂಟೀನ್ ಕಮಿಟಿ ಸಭೆ, ಆ ಕಮಿಟಿಗೆ ನಿಲ್ಲಬೇಕು ಅಂತ ಅವರಲ್ಲಿ ಇಬ್ಬರು ಈಗಾಗಲೇ ಹೆಸರು ಕೊಟ್ಟಿದ್ದಾರೆ.