ಬೀಜದಿಂದ ಸೈಕಾಸ್ ಬೆಳೆಸುವುದು

ತುಮಕೂರಿನ ನಮ್ಮ ಮನೆ ಮಹಡಿ ಮೇಲೆ ನಾನು ಬೆಳೆಸುವುದು ಸೈಕಾಸ್ ರೆವಲ್ಯೂಟಾ. ನೋಡಲು ಪಾಮ್ ಥರ ಇದ್ದರೂ ಇದು ಪಾಮ್ ಅಲ್ಲ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪರಾಗ ಸಿಗದಿದ್ದರೆ ಬೀಜ ಬರೀ ಜೊಳ್ಳು. ಬೀಜ ತರುವಾಗ ಮೊದಲು ಇದನ್ನೇ ಕೇಳಿ.

ಬೀಜದ ಮೇಲಿನ ಕಿತ್ತಳೆ ಬಣ್ಣದ ಸಿಪ್ಪೆ ಮೊಳಕೆಯನ್ನು ತಡೆಯುತ್ತದೆ. ಒಂದೆರಡು ದಿನ ನೆನೆಸಿ, ಕೈಗವಸು ಹಾಕಿಕೊಂಡು ಪೂರ್ತಿ ಉಜ್ಜಿ ತೆಗೆಯಿರಿ. ಇಡೀ ಗಿಡವೇ ವಿಷ, ಬೀಜದಲ್ಲಂತೂ ಜಾಸ್ತಿ. ಒಂದೆರಡು ಬೀಜ ಅಗಿದರೂ ನಾಯಿಯ ಪ್ರಾಣಕ್ಕೆ ಅಪಾಯ. ಮಕ್ಕಳ ಕೈಗೆ ಸಿಗುವಂತೆ ಇಡಲೇಬೇಡಿ.

ತೊಳೆದ ಬೀಜ ನೀರಲ್ಲಿ ತೇಲಿದರೆ ಸಾಮಾನ್ಯವಾಗಿ ಜೊಳ್ಳು. ಮುಳುಗಿದ್ದನ್ನು ನೆರಳಲ್ಲಿ ಆರಿಸಿ ಕೆಲವು ತಿಂಗಳು ಎತ್ತಿಡಿ. ಉದುರಿದಾಗ ಒಳಗಿನ ಭ್ರೂಣ ಇನ್ನೂ ಬಲಿತಿರುವುದಿಲ್ಲ.

ನಾನು ಬಿತ್ತುವುದು ಶಿವರಾತ್ರಿ ಕಳೆದ ಮೇಲೆ. ಮೊಳಕೆಗೆ 25ರಿಂದ 30 ಡಿಗ್ರಿ ಬಿಸಿ ಚೆನ್ನ. ದಪ್ಪ ಮರಳು, ತೆಂಗಿನ ನಾರಿನ ಪುಡಿ ಸಮ ಸಮ ಬೆರೆಸಿ. ತಿಪಟೂರು ಇರುವ ಜಿಲ್ಲೆಯಲ್ಲಿ ನಾರಿನ ಪುಡಿಗೇನು ಬರ, ಅಲ್ವಾ? ಉಪ್ಪಿನಂಶ ಹೋಗುವಂತೆ ಮೊದಲು ತೊಳೆಯಿರಿ. ಬೀಜವನ್ನು ಅಡ್ಡ ಮಲಗಿಸಿ ಅರ್ಧ ಹೂತರೆ ಸಾಕು. ನೀರು ನಿಂತರೆ ಕೊಳೆಯುತ್ತದೆ. ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ಹಾಕಿ.

ಮೊದಲು ಇಳಿಯುವುದು ಬೇರು. ಎಲೆಗೆ ತಿಂಗಳುಗಟ್ಟಲೆ ಕಾಯಬೇಕು. ಸುಮ್ನೆ ಕೆದಕಿ ನೋಡಬೇಡಿ, ಎಳೆ ಬೇರು ಮುರಿಯುತ್ತದೆ. ಮೊದಲ ಎಲೆ ಬಿಚ್ಚಿ ಗಟ್ಟಿಯಾದ ಮೇಲೆ ಆಳವಾದ ಕುಂಡಕ್ಕೆ ಬದಲಿಸಿ. ಬೇಸಿಗೆಯ ಮಧ್ಯಾಹ್ನದ ಬಿಸಿಲು ಮೊದಲ ವರ್ಷ ಬೇಡ.