ಪಾಸ್‌ಪೋರ್ಟ್ ಇಲ್ಲದವರ ಕಡತ: ಜರ್ಮನಿಯಲ್ಲಿ ನಾನು ಜೋಡಿಸುವ ಬಗೆ

ಜರ್ಮನಿಯಲ್ಲಿ ಆಶ್ರಯದ ಅರ್ಜಿ ತಿರಸ್ಕೃತವಾಗಿ, ವಾಪಸ್ ಕಳಿಸಲೂ ಆಗದವರಿಗೆ ಸಿಗುವುದು ‘ಡುಲ್ಡುಂಗ್’. ಅದು ವಾಸದ ಪರವಾನಗಿಯಲ್ಲ, ಗಡೀಪಾರನ್ನು ಸದ್ಯಕ್ಕೆ ತಡೆದಿದೆ ಎಂಬ ಚೀಟಿ ಅಷ್ಟೆ. ಯಾರೇ ಬರಲಿ, ಆ ಚೀಟಿಯ ಮೇಲೆ ‘ಗುರುತು ಸ್ಪಷ್ಟವಾಗದ ವ್ಯಕ್ತಿ’ ಎಂಬ ಒಕ್ಕಣೆ ಬಿದ್ದಿದೆಯೇ ಎಂದು ಮೊದಲು ನೋಡುತ್ತೇನೆ. ವಿದೇಶಿಯರ ವಾಸದ ಕಾಯ್ದೆಗೆ 2019ರಲ್ಲಿ ಬಂದ 60ಬಿ ಕಲಮಿನ ಮುದ್ರೆ ಅದು. ಬಿದ್ದರೆ ದುಡಿಯುವಂತಿಲ್ಲ, ಆ ಅವಧಿ ಮುಂದಿನ ಪರವಾನಗಿಯ ವರ್ಷಗಳ ಲೆಕ್ಕಕ್ಕೂ ಸಾಮಾನ್ಯವಾಗಿ ಸೇರುವುದಿಲ್ಲ.

ಅದನ್ನು ತೆಗೆಸಲು ಪಾಸ್‌ಪೋರ್ಟ್ ಕೈಗೆ ಬರಲೇಬೇಕೆಂದಿಲ್ಲ. ಕಾಯ್ದೆ ಪಟ್ಟಿ ಮಾಡಿರುವ ಕೆಲಸಗಳು ನಡೆದಿವೆ ಎಂದು ನಂಬುವಂತೆ ತೋರಿಸಬೇಕು: ತಮ್ಮ ದೇಶದ ರಾಯಭಾರ ಕಚೇರಿಗೆ ಖುದ್ದು ಹೋಗಿದ್ದು, ಫೋಟೊ, ಬೆರಳಚ್ಚು ಕೊಟ್ಟಿದ್ದು, ಶುಲ್ಕ ಕಟ್ಟಿದ್ದು. ತಪ್ಪಿಹೋದದ್ದನ್ನು ಯಾವಾಗ ಬೇಕಾದರೂ ಮಾಡಿ ಮುಗಿಸಬಹುದು.

ಬಹಳ ಕಡತಗಳು ಬಿದ್ದುಹೋಗುವುದು ಇಲ್ಲೇ. ‘ನಾಲ್ಕು ಸಲ ಹೋಗಿದ್ದೆ, ಕೊಡಲಿಲ್ಲ’ ಎಂಬ ಮಾತಿಗೆ ಜರ್ಮನಿಯ ವಿದೇಶಿಯರ ಕಚೇರಿಯಲ್ಲಿ ಬೆಲೆಯಿಲ್ಲ. ‘ಕೊಡಲಾಗದು’ ಎಂದು ಬರೆದುಕೊಡುವ ರಾಯಭಾರ ಕಚೇರಿಗಳು ಕಡಿಮೆ. ಹಾಗಾಗಿ ಪುರಾವೆ ನಾವೇ ಹುಟ್ಟಿಸಬೇಕು. ಮೊದಲು ಸ್ವೀಕೃತಿ ಸಮೇತ ರಿಜಿಸ್ಟರ್ಡ್ ಪತ್ರ. ಮೂರ್ನಾಲ್ಕು ವಾರ ಉತ್ತರ ಬಾರದಿದ್ದರೆ ಭೇಟಿ, ಜೊತೆಗೊಬ್ಬ ಸಾಕ್ಷಿ. ಹೊರಬಂದ ಕೂಡಲೇ ಸಾಕ್ಷಿ ಬರೆದು ಸಹಿ ಹಾಕಬೇಕು: ದಿನಾಂಕ, ಎಷ್ಟು ಗಂಟೆಗೆ ಒಳಹೋದದ್ದು, ಯಾವ ಕೌಂಟರ್, ಏನು ಕೇಳಿದರು, ಏನು ಕೊಟ್ಟರು. ರೈಲು ಟಿಕೆಟನ್ನು ಅದೇ ಹಾಳೆಗೆ ಪಿನ್ ಮಾಡುತ್ತೇನೆ. ಫೋನ್ ಕರೆ ಲೆಕ್ಕಕ್ಕಿಲ್ಲ ಎಂದೇ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಆಶ್ರಯದ ಪ್ರಕರಣ ಇನ್ನೂ ನಡೆಯುತ್ತಿದ್ದರೆ ರಾಯಭಾರ ಕಚೇರಿಯ ಕಡೆ ತಲೆ ಹಾಕಬಾರದು. 60ಬಿ ಅದನ್ನು ಕೇಳುವುದೂ ಇಲ್ಲ, ಹೋದರೆ ಪ್ರಕರಣಕ್ಕೇ ಪೆಟ್ಟು.

ದೇಶದಿಂದ ದೇಶಕ್ಕೆ ಗಂಟು ಬೇರೆ. 1991ರ ಜನವರಿ 31ರ ನಂತರದ ಸೊಮಾಲಿಯಾ ಪಾಸ್‌ಪೋರ್ಟನ್ನು ಜರ್ಮನಿ ಒಪ್ಪುವುದಿಲ್ಲ, ಅದಿದ್ದರೂ ಬೇರೆ ಕಾಗದ ಹುಡುಕಬೇಕು. ಅಫ್ಘಾನಿಸ್ತಾನದ ಗುರುತಿನ ಕಾಗದವಾದ ತಜ್ಕಿರಾದಲ್ಲಿ ಹುಟ್ಟಿದ ದಿನವೇ ಇರದೆ ‘1390ರಲ್ಲಿ 15 ವರ್ಷ’ ಎಂದಷ್ಟೇ ಇರುವುದುಂಟು. ಅಂದರೆ ಅವರ ಸೌರ ಪಂಚಾಂಗದ 1375, ನಮ್ಮ 1996ರ ಮಾರ್ಚ್‌ನಿಂದ 1997ರ ಮಾರ್ಚ್‌ವರೆಗೆ. ನೋಂದಣಿಯಲ್ಲಿ ಯಾರೋ ಜನವರಿ 1 ಎಂದು ಬರೆದಿರುತ್ತಾರೆ, ಕಡತ ಓದಿದವರಿಗೆ ಎರಡು ಹೇಳಿಕೆ ಇದ್ದಂತೆ ಕಾಣುತ್ತದೆ. ಈ ಲೆಕ್ಕವನ್ನು ಒಂದು ಪುಟದಲ್ಲಿ ಬಿಡಿಸಿ ಮೇಲಿಡುತ್ತೇನೆ. ಹೆಸರಿನ ಕಾಗುಣಿತಕ್ಕೂ ಅಂಥದೇ ಪುಟ. ಇನಿಶಿಯಲ್ ಬಿಡಿಸಿ ಸರ್‌ನೇಮ್ ಮಾಡಿಕೊಂಡ ಕನ್ನಡಿಗರಿಗೆ ಈ ತಾಪತ್ರಯ ವಿವರಿಸಬೇಕಿಲ್ಲ.

ಕಾಗದಗಳ ಅನುಕ್ರಮಕ್ಕೆ ಜರ್ಮನಿಯ ಫೆಡರಲ್ ಆಡಳಿತ ನ್ಯಾಯಾಲಯ 2020ರ ಸೆಪ್ಟೆಂಬರ್ 23ರಂದು ಕೊಟ್ಟ ತೀರ್ಪನ್ನೇ ಹಿಡಿಯುತ್ತೇನೆ. ಅದು ಪೌರತ್ವದ ಪ್ರಕರಣ, ಆದರೆ ಮೆಟ್ಟಿಲುಗಳು ಸ್ಪಷ್ಟ: ಪಾಸ್‌ಪೋರ್ಟ್, ಇಲ್ಲವೇ ಫೋಟೊ ಇರುವ ಬೇರೆ ಸರ್ಕಾರಿ ಕಾಗದ, ಅದಿಲ್ಲದಿದ್ದರೆ ಜನನ ಅಥವಾ ಮದುವೆಯ ಪತ್ರ, ನಂತರ ಸಂಬಂಧಿಕರ ಸಾಕ್ಷ್ಯ, ಕಟ್ಟಕಡೆಗೆ ಅರ್ಜಿದಾರರ ಸ್ವಂತ ಹೇಳಿಕೆ. ಮೇಲಿನ ಮೆಟ್ಟಿಲು ಏಕೆ ಸಿಗಲಿಲ್ಲ ಎಂದು ತೋರಿಸದೆ ಕೆಳಗಿನದಕ್ಕೆ ಇಳಿಯುವಂತಿಲ್ಲ.

ಡುಲ್ಡುಂಗ್‌ನಲ್ಲಿದ್ದು ಇಲ್ಲಿನ ಬದುಕಿಗೆ ಹೊಂದಿಕೊಂಡವರಿಗೆ ಅದೇ ಕಾಯ್ದೆಯ 25ಬಿ ಕಲಮು ಕೊಡುವ ವಾಸದ ಪರವಾನಗಿಗೆ ಸಾಮಾನ್ಯವಾಗಿ 6 ವರ್ಷದ ವಾಸ, ಅಪ್ರಾಪ್ತ ಮಕ್ಕಳಿದ್ದರೆ 4. ಪಾಸ್‌ಪೋರ್ಟಿನ ಷರತ್ತನ್ನು ಅಧಿಕಾರಿ ವಿವೇಚನೆಯಿಂದ ಬಿಡಬಹುದು, ಕೇಳುವಾಗ ಇದೇ ಕಡತ ಮುಂದಿಡುತ್ತೇನೆ. ಸಿಕ್ಕ ಕಾರ್ಡಿನಲ್ಲಿ ‘ವಿವರಗಳು ಹೊಂದಿರುವವರ ಸ್ವಂತ ಹೇಳಿಕೆಯಂತೆ’ ಎಂಬ ಸಾಲು ಇರಬಹುದು. ಹೆಸರಿನ ಅಕ್ಷರಗಳನ್ನು ಕೌಂಟರ್ ಬಿಡುವ ಮೊದಲೇ ಒಂದೊಂದಾಗಿ ಓದಿನೋಡಿ.